ಬ್ರದರ್ ಮೊಸ್ಕೇನಿ

ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯ ವರ್ಣಚಿತ್ರಗಳನ್ನು ಬಳ್ಳಾರಿ ಸೀಮೆಯವರಾದ ನಾವೆಲ್ಲ ತಲೆಯೆತ್ತಿ ನೋಡಿದವರೇ. ಅಲ್ಲಿನ ರೂಪಗಳಿಗೆ ರೇಖೆಯೇ ಜೀವ, ನೆರಳಿನ ಹಂಗಿಲ್ಲ. ಆದರೆ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದಲ್ಲಿ ನೆರಳನ್ನೇ ನಂಬಿ ನಿಂತ ಇನ್ನೊಂದು ಛಾವಣಿಯಿದೆ. ಅದನ್ನು ಚಿತ್ರಿಸಿದಾತನು ಆಂಟೋನಿಯೊ ಮೊಸ್ಕೇನಿ.

ಮೊಸ್ಕೇನಿಯು 1854ರಲ್ಲಿ ಇಟಲಿ ದೇಶದ ಬೆರ್ಗಾಮೊ ನಗರದ ಸಮೀಪದ ಸ್ತೆಜ್ಜಾನೊ ಎಂಬ ಊರಿನಲ್ಲಿ ಜನಿಸಿದನು. ಬೆರ್ಗಾಮೊದ ಕರಾರಾ ಕಲಾಶಾಲೆಯಲ್ಲಿ ಶಿಕ್ಷಣ ಪಡೆದನು. 1889ರಲ್ಲಿ, 35ನೆಯ ವಯಸ್ಸಿನಲ್ಲಿ, ಯೇಸುಸಭೆಯನ್ನು ಸೇರಿದನು. ಸೇರಿದ್ದು ಪಾದ್ರಿಯಾಗಿ ಅಲ್ಲ, ಕೈದುಡಿಮೆಯಿಂದ ಸೇವೆಗೈಯುವ ಬ್ರದರ್ ಆಗಿ. ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿಯ ಛಾವಣಿಯಲ್ಲಿ ಆಕಾಶವೇ ತೆರೆದಂತೆ ಚಿತ್ರಿಸಿದ ಬರೋಕ್ ಕಾಲದ ಆಂದ್ರೆಯಾ ಪೊಜ್ಜೊ (1642–1709) ಕೂಡ ಇದೇ ಸಭೆಯ ಬ್ರದರ್ ಆಗಿದ್ದನು. ಆ ಪರಂಪರೆಯ ಕುಂಚವು 1899ರಲ್ಲಿ ಮಂಗಳೂರಿಗೆ ಬಂದಿತು.

ಗೋಡೆಗಳ ಮೇಲಿನದು ಹಸಿಗಾರೆಯ ಕೆಲಸ. ಸುಣ್ಣದ ಗಾರೆ ಒಣಗುವುದರೊಳಗೆ ಬಣ್ಣವನ್ನು ಹಚ್ಚಿಬಿಡಬೇಕು. ಕೈ ತಪ್ಪಿದರೆ ಗಾರೆಯನ್ನೇ ಕೆರೆದು ತೆಗೆಯಬೇಕು. ಛಾವಣಿಯದು ಬಟ್ಟೆಯ ಮೇಲಿನ ತೈಲಚಿತ್ರ. ಎಣ್ಣೆಬಣ್ಣ ನಿಧಾನವಾಗಿ ಒಣಗುವುದರಿಂದ ಬೆಳಕು ನೆರಳಿನೊಳಗೆ ಕರಗುವಂತೆ ಪದರದ ಮೇಲೆ ಪದರವಾಗಿ ತಿದ್ದಲು ಅವಕಾಶವುಂಟು. ಬೆಳಕು ಒಂದು ಕಡೆಯಿಂದ ಬೀಳುತ್ತಿದೆಯೆಂದು ಭಾವಿಸಿ, ಮರೆಯಾದ ಮಗ್ಗುಲನ್ನು ಕಪ್ಪಾಗಿಸಿದರೆ ಸಪಾಟಾದ ಹಲಗೆಯೂ ಉಬ್ಬಿದಂತೆ ತೋರುತ್ತದೆ. ನೋಡುವವನು ಮೆಚ್ಚುವುದು ಬೆಳಕನ್ನು. ಚಿತ್ರಕಾರನು ದುಡಿಯುವುದು ನೆರಳಿನಲ್ಲಿ.

ಮಂದಿರದ ಮುಂಭಾಗದ ಗೋಡೆಯ ನಡುವೆ ಸಂತ ಅಲೋಶಿಯಸ್ ಗೊಂಜಾಗನು ರೋಮಿನ ಪ್ಲೇಗ್ ಪೀಡಿತರ ಸೇವೆಗೈಯುತ್ತಿದ್ದಾನೆ. ಶ್ರೀಮಂತ ಮನೆತನದ ಆ ತರುಣನು ರೋಗಿಗಳ ಶುಶ್ರೂಷೆಯಲ್ಲೇ ಸೋಂಕು ತಗುಲಿ 1591ರಲ್ಲಿ, 23ನೆಯ ವಯಸ್ಸಿನಲ್ಲಿ ತೀರಿಕೊಂಡನು. ನಮಗಿಂತ ಎರಡು ಮೂರು ವರ್ಷ ಹಿರಿಯನಷ್ಟೆ!

ಸುಮಾರು ಎರಡು ವರ್ಷಗಳ ದುಡಿಮೆಯಿಂದ 1901ರ ಹೊತ್ತಿಗೆ ಮಂದಿರದ ಚಿತ್ರಗಳು ಪೂರ್ಣಗೊಂಡವು. ಮೊಸ್ಕೇನಿಯು ತಾಯ್ನಾಡಿಗೆ ಮರಳಲಿಲ್ಲ. 1905ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ, 51ನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ಕರಾವಳಿಯ ತೇವಕ್ಕೆ ಮಾಸಿದ ಆತನ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ಶುದ್ಧಿಗೊಳಿಸಿ ಉಳಿಸಿದರು.

ನಾವು ಪದವೀಧರರಾಗಲು ಕೆಲವೇ ತಿಂಗಳುಗಳಿವೆ. ನಮ್ಮಲ್ಲಿ ಅನೇಕರ ಮನೆಗೆ ಇದೇ ಮೊದಲ ಪದವಿ. ಮನೆಯವರ ಕೈದುಡಿಮೆಯೇ ನಮ್ಮನ್ನು ಇಲ್ಲಿಯವರೆಗೆ ತಂದಿದೆ. ಆದರೂ ಪುಸ್ತಕ ಹಿಡಿದೊಡನೆ ಕೈಕೆಲಸವನ್ನು ಕೀಳೆಂದು ಬಗೆಯುವ ದೌರ್ಬಲ್ಯ ನಮ್ಮನ್ನು ಬಿಟ್ಟಿಲ್ಲ. ವಿದ್ವಾಂಸರು ಪಾಠ ಹೇಳುತ್ತಿದ್ದ ಆ ಕಾಲೇಜಿನಲ್ಲಿ ನೂರಿಪ್ಪತ್ತು ವರ್ಷಗಳಾಚೆಗೂ ಜನರನ್ನು ತಲೆಯೆತ್ತಿ ನಿಲ್ಲುವಂತೆ ಮಾಡುತ್ತಿರುವುದು ಒಬ್ಬ ಬ್ರದರಿನ ಕೈಗಳ ಕೆಲಸ. ಇದನ್ನು ನಾವು ಮರೆಯದಿರೋಣ.