ಮುಮ್ಮಡಿ ಕೃಷ್ಣರಾಜ ಒಡೆಯರು ಮತ್ತು ಮೈಸೂರಿನ ಉತ್ತರಾಧಿಕಾರ

ಮೈಸೂರಿನ ಯದುವಂಶದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಷ್ಟು ದೀರ್ಘಕಾಲ ಪಟ್ಟದಲ್ಲಿದ್ದ ಅರಸರು ಮತ್ತೊಬ್ಬರಿಲ್ಲ. ಆದರೆ ಆ 69 ವರ್ಷಗಳಲ್ಲಿ ಅವರು ಸ್ವತಃ ರಾಜ್ಯಭಾರ ಮಾಡಿದ್ದು ಸುಮಾರು 20 ವರ್ಷ ಮಾತ್ರ. ಉಳಿದ ಕಾಲವೆಲ್ಲ ಬಾಲ್ಯದಲ್ಲಿ ಒಂದಿಷ್ಟು, ಅಧಿಕಾರವಿಲ್ಲದ ಅರಸುತನದಲ್ಲಿ ಬಹಳಷ್ಟು ಕಳೆದುಹೋಯಿತು.

ಇವರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿನಿಂದ ಸಿಂಹಾಸನದ ಹಕ್ಕುದಾರರಾದವರಲ್ಲ. 1776ರಲ್ಲಿ ಅರಸರು ಸಂತಾನವಿಲ್ಲದೆ ತೀರಿಕೊಂಡಾಗ, ಹೈದರ್ ಅಲಿಯು ಅರಸುಮನೆತನದ ಮಕ್ಕಳನ್ನೆಲ್ಲ ಕೂಡಿಸಿ, ಹಣ್ಣು ಆಟಿಕೆಗಳ ನಡುವೆ ಕಠಾರಿಯನ್ನು ಕೈಗೆತ್ತಿಕೊಂಡ ಬಾಲಕನನ್ನು ಆರಿಸಿದನೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಆ ಬಾಲಕರೇ ಖಾಸಾ ಚಾಮರಾಜರು. 1796ರಲ್ಲಿ ಅವರು ಗತಿಸಿದ ಮೇಲೆ ಟಿಪ್ಪು ಸುಲ್ತಾನನು ಯಾರಿಗೂ ಪಟ್ಟ ಕಟ್ಟಲಿಲ್ಲ. ಹೀಗಾಗಿ 1794ರ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದ ಕೃಷ್ಣರಾಜರ ಶೈಶವವು ಸಿರಿಯಿಲ್ಲದ ಬಂಧನದಲ್ಲಿ ಸಾಗಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ವೃದ್ಧರಾಣಿ ಲಕ್ಷ್ಮಮ್ಮಣ್ಣಿಯವರು ಸೆರೆಯಲ್ಲಿದ್ದುಕೊಂಡೇ ದಶಕಗಳ ಕಾಲ ಆಂಗ್ಲರೊಡನೆ ಗುಪ್ತವಾಗಿ ನಡೆಸಿದ ಸಂಧಾನವು ಫಲಿಸಿತು. ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷ ತುಂಬದ ಬಾಲಕನಿಗೆ ಪಟ್ಟಾಭಿಷೇಕವಾಯಿತು. ಪೂರ್ಣಯ್ಯನವರು ದಿವಾನರಾದರು. ಜುಲೈ 8ರ ಸಂಧಿಯಂತೆ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಸಲ್ಲಬೇಕಾಯಿತು. ಸೂರ್ಯಚಂದ್ರರಿರುವವರೆಗೆ ಸಂಧಿಯು ನಡೆಯತಕ್ಕದ್ದೆಂದು ಅದರಲ್ಲಿ ಬರೆದಿತ್ತು. ಆದರೆ ಬಾಲಕ ಅರಸರ ಹೆಸರಿನ ಮುಂದೆ ವಾರಸುದಾರರು ಎಂಬ ಪದ ಇರಲಿಲ್ಲ. ಪತ್ರ ಬರೆಸಿದವರ ಮರೆವೋ ಜಾಣತನವೋ, ಆ ಒಂದು ಪದದ ಲೋಪವು ಮುಂದೆ ವಂಶಕ್ಕೇ ಕಂಟಕವಾಯಿತು.

1811ರಲ್ಲಿ ಪೂರ್ಣಯ್ಯನವರು ನಿವೃತ್ತರಾಗಲು ಅಧಿಕಾರವು ಅರಸರ ಕೈಗೆ ಬಂದಿತು. ಅವರ ಔದಾರ್ಯಕ್ಕೆ ಮಿತಿಯಿರಲಿಲ್ಲ, ಬೊಕ್ಕಸಕ್ಕೆ ಮಿತಿಯಿತ್ತು. ಸಾಲ ಬೆಳೆಯಿತು, ಕಂದಾಯದ ಭಾರವು ರೈತರ ಮೇಲೆ ಬಿದ್ದಿತು, 1830ರಲ್ಲಿ ನಗರ ಪ್ರಾಂತದಲ್ಲಿ ದಂಗೆ ಎದ್ದಿತು. ಈ ದೋಷವನ್ನು ಮರೆಮಾಚುವುದು ಚರಿತ್ರೆಗೆ ಸಲ್ಲದು. 1831ರಲ್ಲಿ ಲಾರ್ಡ್ ಬೆಂಟಿಂಕನು ರಾಜ್ಯಾಡಳಿತವನ್ನು ಕಸಿದುಕೊಂಡನು.

ಅಧಿಕಾರ ಹೋದ ಮೇಲೆ ಕೃಷ್ಣರಾಜರ ಆಸ್ಥಾನ ಬರಿದಾಗಲಿಲ್ಲ. ಚಾಮುಂಡಿ ಬೆಟ್ಟದ ಗೋಪುರ, ತಂದೆಯ ನೆನಪಿನ ಚಾಮರಾಜನಗರದ ದೇಗುಲಗಳು ಮೊದಲೇ ಎದ್ದುನಿಂತಿದ್ದವು. 1833ರಲ್ಲಿ ಮೈಸೂರಿನಲ್ಲಿ ಧರ್ಮಾರ್ಥ ಇಂಗ್ಲಿಷ್ ಶಾಲೆಯೊಂದನ್ನು ಅವರು ತೆರೆದರು. ಮುಂದಿನ ಮಹಾರಾಜಾ ಕಾಲೇಜಿನ ಬೇರು ಅಲ್ಲಿಯೇ ಇದೆ. ಶ್ರೀತತ್ತ್ವನಿಧಿ, ಸೌಗಂಧಿಕಾಪರಿಣಯ ಮೊದಲಾದ ಕೃತಿಗಳು ಅವರ ಹೆಸರಿನಲ್ಲಿ ಹೊರಬಂದವು. ಮುಂದೆ ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು ಬಾಲ್ಯದಲ್ಲಿ ಬೆಳೆದದ್ದು ಇದೇ ಅರಸರ ಆಶ್ರಯದಲ್ಲಿ. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಯದುವಂಶದ ವಂಶವೃಕ್ಷವು ಚಿತ್ರಿತವಾಗಿದೆ. ಅರಸರಿಗೆ ಸಿಂಹಾಸನವೇರತಕ್ಕ ಔರಸಪುತ್ರನಿರಲಿಲ್ಲವೆಂಬುದನ್ನು ನೆನೆದು ಆ ಚಿತ್ರವನ್ನು ನೋಡಬೇಕು.

ಇತ್ತ ಡಾಲ್‌ಹೌಸಿಯ ಕಾಲದಲ್ಲಿ ಸಾತಾರಾ, ಝಾನ್ಸಿ, ನಾಗಪುರಗಳು ಪುತ್ರಸಂತಾನವಿಲ್ಲವೆಂಬ ನೆಪದಿಂದ ಕಂಪನಿಯ ಪಾಲಾದವು. ಮೈಸೂರಿನ ಸಂಧಿಯಲ್ಲಿ ವಾರಸುದಾರರ ಮಾತಿಲ್ಲದ್ದರಿಂದ ಅದು ಆ ಅರಸರೊಬ್ಬರಿಗೇ ಸಂದ ದಾನವೆಂಬುದು ಅವನ ವಾದ. 1862ರಲ್ಲಿ ಇತರ ಸಂಸ್ಥಾನಿಕರಿಗೆ ದತ್ತುಸ್ವೀಕಾರದ ಸನದುಗಳು ದೊರೆತಾಗಲೂ ಮೈಸೂರಿಗೆ ದೊರೆಯಲಿಲ್ಲ. ಪದಚ್ಯುತರಂತಿದ್ದ ಅರಸರು ಲೇಖನಿಯೊಂದನ್ನೇ ಆಯುಧವಾಗಿ ಹಿಡಿದು ಮನವಿಯ ಮೇಲೆ ಮನವಿ ಕಳುಹಿಸಿದರು. ಒಪ್ಪಿಗೆ ಬರುವವರೆಗೆ ಕಾದು ಕುಳಿತಿದ್ದರೆ ಆಯುಷ್ಯವೇ ತೀರುತ್ತಿತ್ತು. 1865ರ ಜೂನ್ 18ರಂದು, 70ರ ವಯಸ್ಸಿನಲ್ಲಿ, ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಶಿಶುವನ್ನು ಶಾಸ್ತ್ರೋಕ್ತವಾಗಿ ದತ್ತು ತೆಗೆದುಕೊಂಡರು. ಕಲ್ಕತ್ತೆಯ ಸರ್ಕಾರವು ಅದನ್ನು ಮಾನ್ಯ ಮಾಡಲಿಲ್ಲ. ಆದರೆ ಇಂಗ್ಲೆಂಡಿನಲ್ಲಿಯೇ ಅರಸರ ಪರವಾಗಿ ದನಿ ಎದ್ದಿತು. ಪಾರ್ಲಿಮೆಂಟಿಗೆ ಅರ್ಜಿ ಹೋಯಿತು. 1867ರ ಏಪ್ರಿಲಿನಲ್ಲಿ ಭಾರತಮಂತ್ರಿಯು ದತ್ತುಪುತ್ರನಿಗೆ ರಾಜ್ಯವನ್ನು ಒಪ್ಪಿಸುವ ನಿರ್ಣಯವನ್ನು ತಿಳಿಸಿದನು.

ಮರುವರ್ಷ ಮಾರ್ಚ್ 27ರಂದು ಕೃಷ್ಣರಾಜ ಒಡೆಯರು ಸ್ವರ್ಗಸ್ಥರಾದರು. ಅದೇ ವರ್ಷದ ಸೆಪ್ಟೆಂಬರ್ 23ರಂದು ಐದು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಪಟ್ಟವಾಯಿತು. 1881ರ ಮಾರ್ಚ್ 25ರಂದು ರಾಜ್ಯವು ಅವರ ಕೈಸೇರಿತು. ಅಂದಿನ ಹಸ್ತಾಂತರ ಪತ್ರದಲ್ಲಿ ಮುಂದಿನ ಅರಸರಿಗೆಲ್ಲ ಗವರ್ನರ್ ಜನರಲನ ಮಾನ್ಯತೆಯ ನಿಬಂಧನೆಯಿತ್ತು. ಆದರೆ ಅರಸರ ಹೆಸರಿನ ಜೊತೆಗೆ ಅವರ ಉತ್ತರಾಧಿಕಾರಿಗಳ ಮಾತೂ ಇತ್ತು.