ಹಕ್ಕಿಗಳ ತಿಟ್ಟು ಉಳಿಸಿದ ಸಲೀಂ ಅಲಿ

ಸಲೀಂ ಅಲಿ 1896ರ ನವೆಂಬರ್ 12ರಂದು ಮುಂಬೈಯಲ್ಲಿ ಜನಿಸಿದರು. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡ ಅವರನ್ನು ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ. ಬಾಲಕ ಸಲೀಂ ಒಮ್ಮೆ ಏರ್‌ಗನ್‌ನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿ ಎಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿಂದ ಹಕ್ಕಿಗಳೇ ಅವರ ಬದುಕಾದವು.

ದಾರಿ ಸುಲಭವಿರಲಿಲ್ಲ. ವಿಶ್ವವಿದ್ಯಾಲಯದ ಪದವಿ ಇಲ್ಲವೆಂದು ಸರ್ಕಾರಿ ಪಕ್ಷಿತಜ್ಞರ ಹುದ್ದೆ ಕೈತಪ್ಪಿತು. 1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡರು. ಆ ದುಃಖದ ನಡುವೆಯೇ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಹೊರಟರು.

ಶ್ರೀರಂಗಪಟ್ಟಣದ ಬಳಿ ಕಾವೇರಿಗೆ 17ನೇ ಶತಮಾನದಲ್ಲಿ ಅರಸರು ಒಡ್ಡು ಕಟ್ಟಿಸಿದ್ದರು. ಅದರಿಂದ ನೀರು ನಿಂತು, ನದಿಯ ನಡುವೆ ಸಣ್ಣ ಸಣ್ಣ ತಿಟ್ಟುಗಳಾಗಿದ್ದವು. ಸುತ್ತಲೂ ನೀರಿದ್ದರೆ ನರಿ, ನಾಯಿಗಳ ಕಾಟ ಕಡಿಮೆ. ಹಾಗಾಗಿ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಅಲ್ಲಿ ಗೂಡು ಕಟ್ಟುತ್ತಿದ್ದವು. ಇದನ್ನು ಗಮನಿಸಿದ ಸಲೀಂ ಅಲಿ, ಆ ಜಾಗವನ್ನು ರಕ್ಷಿಸುವಂತೆ ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಮರುವರ್ಷ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಸಾವಿರಾರು ಜನರಿಗೆ ಹಕ್ಕಿ ನೋಡುವುದನ್ನು ಕಲಿಸಿತು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. 1987ರ ಜೂನ್ 20ರಂದು ಅವರು ನಿಧನರಾದರು. 2022ರಲ್ಲಿ ರಂಗನತಿಟ್ಟು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಮನುಷ್ಯ ತನ್ನ ನೀರಿಗಾಗಿ ಕಟ್ಟಿದ ಒಡ್ಡು ಹಕ್ಕಿಗಳಿಗೂ ಮನೆ ಕೊಟ್ಟಿತು. ಆ ಮನೆಯನ್ನು ಉಳಿಸಿದ್ದು, ಪದವಿಯಿಲ್ಲದಿದ್ದರೂ ಗಮನವಿಟ್ಟು ನೋಡಬಲ್ಲ ಒಬ್ಬರ ಕಣ್ಣು. ಗೆಳೆಯರೇ, ರಂಗನತಿಟ್ಟಿನ ದೋಣಿಯಲ್ಲಿ ಕುಳಿತಾಗ ಗದ್ದಲ ಮಾಡದೆ ನೋಡಿ. ಗೂಡಿನಲ್ಲಿ ಮರಿಗಳಿರುತ್ತವೆ.