ಬೀಳಗಿಯ ಅಮೀರಬಾಯಿ

ಈ ವಾರ್ಷಿಕ ಸಂಚಿಕೆಯಲ್ಲಿ ನೀವು ಸಾಮಾನ್ಯವಾಗಿ ಸಮುದಾಯದ ವಿದ್ವಾಂಸರು, ವೈದ್ಯರು, ನ್ಯಾಯಾಧೀಶರು ಮತ್ತು ಶಾಲೆ ಕಟ್ಟಿಸಿದ ದಾನಿಗಳ ಪರಿಚಯ ಓದುತ್ತೀರಿ. ಈ ಸಲ ಒಬ್ಬ ನಟಿಯ ಜೀವನ ಬರೆಯುತ್ತಿದ್ದೇನೆ. ನಾಟಕ, ಸಿನಿಮಾದವರ ಕಥೆ ಇಲ್ಲೇಕೆ ಎಂದು ಹಿರಿಯರು ಕೇಳಬಹುದು. ಪೂರ್ತಿ ಓದಿದ ಮೇಲೆ ಕೇಳಿದರೆ ಒಳ್ಳೆಯದು.

ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ಬೀಳಗಿಯಲ್ಲಿ, ಕಳೆದ ಶತಮಾನದ ಆರಂಭದ ವರ್ಷಗಳಲ್ಲಿ. ಈಗ ಬೀಳಗಿ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆಗ ಅದು ಬಿಜಾಪುರ ಜಿಲ್ಲೆಯ ಊರು, ಆಡಳಿತ ಮುಂಬಯಿ ಪ್ರಾಂತ್ಯದ್ದು. ಸಂಗೀತ, ನಾಟಕ ಬಲ್ಲ ಮುಸ್ಲಿಂ ಮನೆತನ, ಮನೆಮಾತು ಕನ್ನಡ. ಅಕ್ಕ ಗೋಹರಬಾಯಿಯೂ ಮುಂದೆ ಹೆಸರುವಾಸಿಯಾದರು. ನೀವು ಗಮನಿಸಬೇಕಾದದ್ದು ಅವರ ಹೆಸರಿನ ಕೊನೆಯ ಪದವನ್ನು. ನಮ್ಮ ಭಾಷೆಯವರೆಲ್ಲ ಒಂದು ರಾಜ್ಯವಾಗಿ ಕೂಡಿದ್ದು 1956ರಲ್ಲಿ, ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಈ ಅಕ್ಕತಂಗಿಯರು ಕರ್ನಾಟಕಿ ಎಂದು ಕರೆಸಿಕೊಂಡು ಮುಂಬಯಿಯಲ್ಲಿ ಬಾಳಿದರು.

ಇಬ್ಬರೂ ಕನ್ನಡ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿ ಬೆಳೆದವರು. ಆ ಕಾಲದ ರಂಗಭೂಮಿ ಹೇಗಿತ್ತು ಎಂಬುದನ್ನು ಸ್ವಲ್ಪ ಊಹಿಸಿಕೊಳ್ಳಿ. ಧ್ವನಿವರ್ಧಕ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ರೈತನಿಗೂ ಮಾತು ಮುಟ್ಟಬೇಕು, ಹಾಡು ಮುಟ್ಟಬೇಕು. ಹಾರ್ಮೋನಿಯಂ ಮತ್ತು ತಬಲಾದವರ ಜೊತೆ ರಾತ್ರಿಯಿಡೀ ಹಾಡಿ, ನಡುನಡುವೆ ಗದ್ಯ ಸಂಭಾಷಣೆ ಒಪ್ಪಿಸಬೇಕು. ಹೆಣ್ಣಿನ ಪಾತ್ರಗಳನ್ನು ಬಹುಕಾಲ ಗಂಡಸರೇ ಮಾಡುತ್ತಿದ್ದರು. ಹೆಂಗಸರು ರಂಗಕ್ಕೆ ಬಂದಾಗ ಅವರ ಹಾಡು ಕೇಳಲು ಜನ ಟಿಕೆಟಿಗೆ ನೂಕಾಡಿದರು, ಹೊರಗೆ ಬಂದು ಅವರನ್ನೇ ಹಗುರವಾಗಿ ಆಡಿಕೊಂಡರು. ಗೋಹರಬಾಯಿ ಮುಂದೆ ಮರಾಠಿ ರಂಗದ ಮಹಾನ್ ನಟ ಬಾಲಗಂಧರ್ವರ ಕಂಪನಿ ಸೇರಿ, ಕೊನೆಗೆ ಅವರನ್ನೇ ಮದುವೆಯಾದರು. ಕಂಪನಿ ಇಳಿಮುಖವಾದದ್ದಕ್ಕೆ ಆ ನಟನ ಅಭಿಮಾನಿಗಳು ಈ ಬಿಜಾಪುರದ ಹೆಂಗಸನ್ನೇ ದೂರಿದರು. ಕಂಪನಿಯ ಮೇಲೆ ಸಾಲ ಹೇರಿದವರು ಬೇರೆ, ಬೈಗುಳ ತಿಂದವರು ಬೇರೆ ಎಂಬುದು ನನ್ನ ಅಭಿಪ್ರಾಯ.

ಅಮೀರಬಾಯಿ ಅಕ್ಕನ ನೆರವಿನಿಂದ ಮುಂಬಯಿ ಸೇರಿದರು. 1934ರ 'ವಿಷ್ಣುಭಕ್ತಿ' ಅವರ ಮೊದಲ ಚಿತ್ರ. ಮಾತಿನ ಚಿತ್ರಗಳು ಶುರುವಾಗಿ ಮೂರೇ ವರ್ಷವಾಗಿತ್ತು. ನಟಿಸುವವರೇ ಕ್ಯಾಮೆರಾ ಮುಂದೆ ನಿಂತು ಹಾಡಬೇಕಿತ್ತು. ಆದ್ದರಿಂದ ಕಂಪನಿ ನಾಟಕದಲ್ಲಿ ಪಳಗಿದವರಿಗೆ ಅಲ್ಲಿ ಬೇಡಿಕೆ. ಹಾಗಿದ್ದೂ ಸುಮಾರು ಒಂಬತ್ತು ವರ್ಷ ಅವರಿಗೆ ದೊಡ್ಡ ಹೆಸರು ಬರಲಿಲ್ಲ. ಈ ನಡುವೆ 1940ರ 'ನರ್ಸಿ ಭಗತ್' ಚಿತ್ರದಲ್ಲಿ, ಗಾಂಧೀಜಿಯವರ ಪ್ರಾರ್ಥನಾಗೀತೆಯೆಂದು ನಾವೆಲ್ಲ ಬಲ್ಲ ನರಸಿ ಮೆಹ್ತಾರ ವೈಷ್ಣವ ಭಜನೆಗೆ ಅವರು ದನಿಗೂಡಿಸಿದರು. ಬೀಳಗಿಯ ಮುಸ್ಲಿಂ ಹೆಂಗಸು ಗುಜರಾತಿ ಭಕ್ತನ ಪದ ಹಾಡಿದ್ದು ಆಗ ಯಾರಿಗೂ ವಿಶೇಷವೆನಿಸಲಿಲ್ಲ. ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ಪದ ಕಟ್ಟಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಬಿಜಾಪುರ ಸೀಮೆಯಿಂದ ಬಂದವರಿಗೆ ಅದು ಹೊಸದೂ ಆಗಿರಲಿಲ್ಲ.

1943ರಲ್ಲಿ ಬಾಂಬೆ ಟಾಕೀಸಿನ 'ಕಿಸ್ಮತ್' ಬಂತು. ಅನಿಲ್ ಬಿಸ್ವಾಸರ ಸಂಗೀತ, ಅಶೋಕ್ ಕುಮಾರ್ ನಾಯಕ. ನಾಯಕಿ ಮುಮ್ತಾಜ್ ಶಾಂತಿಗೆ ಅಮೀರಬಾಯಿಯವರ ಕಂಠ. ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದರಲ್ಲಿ ಕವಿ ಪ್ರದೀಪ್ ಬರೆದ ಒಂದು ದೇಶಪ್ರೇಮದ ಹಾಡಿದೆ. ಮಾತಿನಲ್ಲಿ ಅದು ಜರ್ಮನರಿಗೂ ಜಪಾನಿಗಳಿಗೂ ಹೇಳಿದ ಎಚ್ಚರಿಕೆ. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಆರದಿದ್ದ ಜನಕ್ಕೆ ಅದು ಯಾರಿಗೆ ಹೇಳಿದ್ದೆಂದು ಗೊತ್ತಿತ್ತು. ಅದನ್ನು ಹಾಡಿದವರಲ್ಲಿ ನಮ್ಮ ಅಮೀರಬಾಯಿಯೂ ಒಬ್ಬರು. ಆಮೇಲೆ 'ರತನ್', 'ಭರ್ತೃಹರಿ', 'ಶಹನಾಯಿ' ಎಂದು ಸಾಲುಸಾಲು ಯಶಸ್ಸು. ಗುಜರಾತಿಯ 'ರಾಣಕದೇವಿ' (1946) ಚಿತ್ರದ ಅವರ ಹಾಡು ಆ ನಾಡಿನಲ್ಲಿ ಮನೆಮಾತಾಯಿತು. ಉಳಿದ ಗಾಯಕಿಯರಿಗೆ ಒಂದು ಹಾಡಿಗೆ 500 ರೂಪಾಯಿ ಸಿಗುತ್ತಿದ್ದಾಗ ಇವರಿಗೆ 1000 ಸಿಗುತ್ತಿತ್ತೆಂದು 'ಫಿಲ್ಮ್ ಇಂಡಿಯಾ' ಪತ್ರಿಕೆಯ ಬಾಬೂರಾವ್ ಪಟೇಲರು ಬರೆದಿದ್ದರು. 1948ರ 'ಶಹನಾಜ್' ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕಿ.

ಇಷ್ಟು ಗಳಿಸಿದ ಹೆಂಗಸಿನ ಮನೆಯೊಳಗಿನ ಸ್ಥಿತಿ ಏನಿತ್ತು ಗೊತ್ತೇ? ಮೊದಲ ಗಂಡ ಹಿಮಾಲಯವಾಲಾ ಎಂಬ ಖಳನಟ. ಆತ ಹೊಡೆಯುತ್ತಿದ್ದ, ದುಡಿದದ್ದನ್ನೆಲ್ಲ ಕಿತ್ತುಕೊಳ್ಳುತ್ತಿದ್ದ. ಲಕ್ಷಾಂತರ ಜನ ಕೇಳುತ್ತಿದ್ದ ದನಿ ಸ್ವಂತ ಮನೆಯಲ್ಲಿ ಅಡಗಿತ್ತು. ಕೊನೆಗೆ ವಕೀಲರೊಬ್ಬರ ನೆರವು ಪಡೆದು ಆ ಬಂಧನದಿಂದ ಬಿಡಿಸಿಕೊಂಡರು. ದೇಶ ಇಬ್ಭಾಗವಾದ ಮೇಲೆ ಆತ ಪಾಕಿಸ್ತಾನಕ್ಕೆ ಹೋದ. ಈ ಸಂಚಿಕೆ ಓದುವ ತಾಯಂದಿರು, ಹೆಣ್ಣುಮಕ್ಕಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಂಡತಿಯ ಗಳಿಕೆ ಹೆಂಡತಿಯದೇ, ಗಂಡನಿಗೆ ಅದರ ಮೇಲೆ ಹಕ್ಕಿಲ್ಲ ಎಂಬುದು ಶರೀಅತ್ತಿನ ಸ್ಪಷ್ಟ ಮಾತು. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯೂ ಆಗಲೇ ಜಾರಿಯಲ್ಲಿತ್ತು. ಹೊಡೆತವನ್ನಷ್ಟೇ ಅಲ್ಲ, ಹೆಂಡತಿಯ ಆಸ್ತಿಯನ್ನು ಪರಭಾರೆ ಮಾಡುವುದನ್ನೂ, ಅದರ ಮೇಲಿನ ಅವಳ ಹಕ್ಕಿಗೆ ಅಡ್ಡಬರುವುದನ್ನೂ ಆ ಕಾಯ್ದೆ ಕ್ರೌರ್ಯವೆಂದೇ ಎಣಿಸುತ್ತದೆ. ನಿಕಾಹಿನ ದಿನ ಮೆಹರಿನ ಮೊತ್ತ ಕೇಳಿ ಸುಮ್ಮನಾಗುವ ನಾವು ಇದನ್ನು ಮಗಳಿಗೆ ಹೇಳಿಕೊಡುತ್ತೇವೆಯೇ? ಅಮೀರಬಾಯಿ ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾರನ್ನು ಮದುವೆಯಾಗಿ ನೆಮ್ಮದಿಯಿಂದ ಬಾಳಿದರು.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1949ರಲ್ಲಿ 'ಮಹಲ್', 'ಬರ್ಸಾತ್' ಬಂದ ಮೇಲೆ ಸಂಗೀತ ನಿರ್ದೇಶಕರಿಗೆಲ್ಲ ಲತಾ ಮಂಗೇಶ್ಕರರ ತೆಳುವಾದ ಎತ್ತರದ ದನಿಯೇ ಬೇಕಾಯಿತು. ರಂಗದ ಮೇಲೆ ಪಳಗಿದ ತುಂಬು ಕಂಠಗಳಿಗೆ ಕೆಲಸ ತಪ್ಪಿತು. 'ಸಮಾಧಿ' (1950) ಚಿತ್ರದಲ್ಲಿ ಲತಾ ಮತ್ತು ಅಮೀರಬಾಯಿ ಕೂಡಿ ಹಾಡಿದ ಒಂದು ಕುಣಿತದ ಹಾಡಿದೆ. ಇಂದಿಗೂ ಅದನ್ನು ಕೇಳಬಹುದು. ಬರುವ ಕಾಲವೂ ಹೋಗುವ ಕಾಲವೂ ಒಂದೇ ಮೈಕಿನ ಮುಂದೆ ನಿಂತಂತಿದೆ.

ಆಗ ಅಮೀರಬಾಯಿ ಮಾಡಿದ್ದೇನು? ಮತ್ತೆ ಬಣ್ಣ ಹಚ್ಚಿದರು, ಈ ಸಲ ಪೋಷಕ ಪಾತ್ರಗಳಿಗೆ. ನಾಯಕಿಗೆ ದನಿ ಕೊಟ್ಟವರು ಕಥೆಯ ಬದಿಯಲ್ಲಿ ನಿಲ್ಲುವ ಹಿರಿಯ ಹೆಂಗಸರಾಗಿ ಕಾಣಿಸಿಕೊಂಡರು. ಪೋಷಕ ನಟಿಯ ಹೆಸರಿಗೆ ಭಿತ್ತಿಪತ್ರದಲ್ಲಿ ಜಾಗ ಸಿಗುವುದು ಅಪರೂಪ. ಜನಕ್ಕೆ ಮುಖ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಸಾವಿರ ರೂಪಾಯಿಯ ಗಾಯಕಿಗೆ ಇದು ಇಳಿಕೆಯೇ. ಆದರೆ ಅವರು ಕಲಿತದ್ದು ಕಂಪನಿ ನಾಟಕದಲ್ಲಿ. ಅಲ್ಲಿ ನಿನ್ನೆ ರಾಣಿಯಾದವಳು ಇಂದು ದಾಸಿಯಾಗಿ ನಿಲ್ಲಬೇಕಾಗುತ್ತದೆ, ಅದಕ್ಕೆ ಯಾರೂ ಅಳುತ್ತ ಕೂರುವುದಿಲ್ಲ. ಅವರ ಕಾಲದ ಎಷ್ಟೋ ತಾರೆಯರು ಬೇಡಿಕೆ ತಪ್ಪಿದ ಮೇಲೆ ಬಡತನದಲ್ಲಿ ಸತ್ತದ್ದನ್ನು ನೆನೆದರೆ, ಈ ಎರಡನೇ ದುಡಿಮೆಯೇ ಅವರ ಜೀವನದ ಗಟ್ಟಿ ಭಾಗ ಎಂದು ನನಗೆ ಅನಿಸುತ್ತದೆ. ಹಾಡುಗಾರ್ತಿಯಾಗಿ ಅವರನ್ನು ಹೊಗಳುವವರು ಈ ವರ್ಷಗಳನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಮುಂಬಯಿಯಲ್ಲಿ ದುಡಿದ ಹಣ ತವರಿನ ಕಡೆಗೂ ಹರಿಯಿತು. ಬಿಜಾಪುರದಲ್ಲಿ ಅವರು ಒಂದು ಚಿತ್ರಮಂದಿರ ಕಟ್ಟಿಸಿದರು, ಅದರ ಹೆಸರು ಅಮೀರ್ ಟಾಕೀಸ್. ಹೆಂಗಸರು ಸಿನಿಮಾ ನೋಡುವುದಕ್ಕೇ ಮನೆಯವರ ಅಪ್ಪಣೆ ಬೇಡುತ್ತಿದ್ದ ಕಾಲದಲ್ಲಿ, ಅದೇ ಊರಿನ ಟಾಕೀಸಿನ ಮೇಲೆ ಹೆಂಗಸಿನ ಹೆಸರು!

ಅಕ್ಕ ಗೋಹರಬಾಯಿ 1964ರಲ್ಲಿ ತೀರಿಕೊಂಡರು. ಮರುವರ್ಷ ಅಮೀರಬಾಯಿಗೆ ಪಾರ್ಶ್ವವಾಯು ಬಡಿಯಿತು. ನಾಲ್ಕೇ ದಿನ, 1965ರ ಮಾರ್ಚ್ 3ರಂದು ಕಣ್ಣು ಮುಚ್ಚಿದರು. ಕನ್ನಡಿಗರು ಅವರನ್ನು ಬಹುಕಾಲ ಮರೆತೇ ಇದ್ದರು. ಲೇಖಕ ರಹಮತ್ ತರೀಕೆರೆಯವರು ಊರೂರು ತಿರುಗಿ ವಿವರ ಕೂಡಿಸಿ ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ನಿಮ್ಮೂರಿನ ಗ್ರಂಥಾಲಯದಲ್ಲಿ ಅದನ್ನು ಕೇಳಿ ಓದಿ. ಅಮೀರಬಾಯಿಯವರ ಮಯ್ಯತ್ತನ್ನು ಬಿಜಾಪುರದ ಮಣ್ಣಿನಲ್ಲೇ ದಫನು ಮಾಡಲಾಯಿತು.